ಉಪಗ್ರಹ ದೂರದರ್ಶನವೂ ಟ್ಯೂನರ್ ಕಾರ್ಡಿನ ಆಯ್ಕೆಯೂ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ನಡೆಯಿಸಲಾರಂಭಿಸಿದರು. ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಬಂದದ್ದು ಆ ಕೇಂದ್ರಕ್ಕೆ. ಅಂದು ಆಕಾಶದಿಂದ ಇಳಿಯುತ್ತಿದ್ದುದು ವಾಣಿ ಮಾತ್ರ. ಇಂದು ಚಿತ್ರವೂ ಇಳಿಯುತ್ತಿದೆ, ಪಾಠವೂ ಇಳಿಯುತ್ತಿದೆ. ಆದರೆ ಹೀಗೆ ಇಳಿದು ಬಂದುದನ್ನು ಹಿಡಿದಿಟ್ಟುಕೊಳ್ಳುವ ಉಪಾಯ ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಉಪಗ್ರಹದಿಂದ ಉಚಿತವಾಗಿ ಬರುವ ದೂರದರ್ಶನವನ್ನು ಗಣಕಯಂತ್ರದಲ್ಲಿ ನೋಡುವುದಕ್ಕೂ, ಬೇಕಾದುದನ್ನು ಅದರಲ್ಲಿಯೇ ದಾಖಲು ಮಾಡಿಕೊಳ್ಳುವುದಕ್ಕೂ ಟ್ಯೂನರ್ ಕಾರ್ಡು ಎಂಬ ಒಂದು ಸಣ್ಣ ಉಪಕರಣ ಬೇಕು. ಅದನ್ನು ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಒಮ್ಮೆ ತಪ್ಪಾದ ಕಾರ್ಡನ್ನು ಕೊಂಡು, ಹಣ ಕಳೆದುಕೊಂಡ ದುಃಖದಿಂದ ಈ ವಿದ್ಯೆಯನ್ನು ಕಲಿತವನು. ಆದುದರಿಂದ ಪಂಡಿತರು ಇದರಲ್ಲಿ ಪಾಂಡಿತ್ಯವನ್ನು ಹುಡುಕಬಾರದಾಗಿ ಪ್ರಾರ್ಥನೆ.

ಈ ಹುಚ್ಚು ನನಗೆ ಹತ್ತಿದ ಕಾರಣವನ್ನು ಮೊದಲು ಹೇಳಬೇಕು. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ನಾನು ಪ್ರೌಢಶಾಲೆಯಲ್ಲಿದ್ದೆ. ಆಗ ಬೆಂಗಳೂರು ದೂರದರ್ಶನದ ‘ಚಂದನ’ ವಾಹಿನಿಯಲ್ಲಿ ಪಾಠಗಳನ್ನು ಪ್ರಸಾರ ಮಾಡುತ್ತಿದ್ದರು. ಹುಲ್ಲಹಳ್ಳಿಯ ನಮ್ಮ ಮನೆಯಲ್ಲಿ ಒಂದು ಟಿ.ವಿ. ಇತ್ತು, ಮಾಡಿನ ಮೇಲೆ ಒಂದು ಡಿಶ್ಶೂ ಇತ್ತು. ಆದರೆ ಪಾಠದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು, ಇಲ್ಲವೆ ಗದ್ದೆಗೆ ನೀರು ತಿರುಗಿಸಲು ನಾನು ಹೋಗಬೇಕಾಗುವುದು ವಾಡಿಕೆಯಾಗಿತ್ತು. ಗಣಿತದ ಒಂದು ಪಾಠ ಅರ್ಧದಲ್ಲಿ ತಪ್ಪಿಹೋದರೆ ಮರುದಿನದ ಪಾಠ ಕಗ್ಗಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಪ್ಪಿದ ಪಾಠವನ್ನು ಮನೆಯಲ್ಲಿ ಕೂಡಿಸಿಕೊಂಡು ಹೇಳಿಕೊಡುವವರು ಯಾರೂ ಇರಲಿಲ್ಲ. ‘ಈ ಪಾಠವನ್ನು ಹಿಡಿದಿಟ್ಟುಕೊಂಡು ರಾತ್ರಿ ನೋಡುವಂತಿದ್ದರೆ!’ ಎಂದು ಆಗ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ. ಈಗ ನನ್ನ ತಂಗಿ ಪಿ.ಯು.ಸಿ.ಯಲ್ಲಿದ್ದಾಳೆ. ನನಗಾದುದು ಅವಳಿಗಾಗಬಾರದು ಎಂಬುದೊಂದೇ ನನ್ನ ಹಟ.

‘ಪಾಠಗಳು ಅಂತರ್ಜಾಲದಲ್ಲಿಯೂ ಸಿಗುತ್ತವಲ್ಲ, ಈ ತೊಂದರೆಯೇಕೆ?’ ಎಂದು ಗೆಳೆಯರು ಕೇಳುವುದುಂಟು. ಸಿಗುತ್ತವೆ, ನಿಜ. ಆದರೆ ಮೊಬೈಲಿನ ದಿನದ ಡೇಟಾ ಒಂದೆರಡು ಪಾಠಗಳಿಗೇ ಮುಗಿಯುತ್ತದೆ. ಮನೆಯ ಒಳಗೆ ಸಿಗ್ನಲ್ ನಿಲ್ಲುವುದಿಲ್ಲ. ಉಪಗ್ರಹದ ಪ್ರಸಾರಕ್ಕಾದರೋ ತಿಂಗಳ ಬಾಡಿಗೆಯಿಲ್ಲ. ಮೈಸೂರಿನ ಬಂಗಲೆಯ ಮೇಲೆ ಬಿದ್ದಷ್ಟೇ ನಮ್ಮ ಹಂಚಿನ ಮನೆಯ ಮೇಲೂ ಅದು ಬೀಳುತ್ತದೆ. ಮಾಡಿನ ಮೇಲೆ ಹಗಲಿರುಳೂ ಪುಕ್ಕಟೆಯಾಗಿ ಸುರಿಯುತ್ತಿರುವುದನ್ನು ಬಿಟ್ಟು ದುಡ್ಡು ಕೊಟ್ಟು ತರುವುದೆಂದರೆ, ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ.

ಹಾಗಾದರೆ ನಮ್ಮ ಮಾಡಿನ ಮೇಲೆ ಸುರಿಯುತ್ತಿರುವುದು ಏನು? ಉಪಗ್ರಹದ ಮೂಲಕ ಹಳ್ಳಿಗೆ ವಿದ್ಯೆಯನ್ನು ಮುಟ್ಟಿಸುವ ಪ್ರಯತ್ನ ಕನ್ನಡ ನಾಡಿಗೆ ಹೊಸದಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದಿಂದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಪ್ರಸಾರ ನಡೆದಾಗ, ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಡುಸ್ಯಾಟ್ ಉಪಗ್ರಹದ ಪಾಠಗಳು ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದುವು. ಅದೇ ವರ್ಷದ ಡಿಸೆಂಬರಿನಲ್ಲಿ ದೂರದರ್ಶನವು ೩೩ ವಾಹಿನಿಗಳೊಡನೆ ‘ಡಿ.ಡಿ. ಡೈರೆಕ್ಟ್ ಪ್ಲಸ್’ ಎಂಬ ಉಚಿತ ಸೇವೆಯನ್ನು ಪ್ರಾರಂಭಿಸಿತು. ಅದೇ ಇಂದಿನ ‘ಡಿ.ಡಿ. ಫ್ರೀ ಡಿಶ್.’ ಇದು ಬರುವುದು ೨೦೧೫ರ ನವೆಂಬರಿನಲ್ಲಿ ಹಾರಿಸಿದ ಜಿಸ್ಯಾಟ್-೧೫ ಉಪಗ್ರಹದಿಂದ. ಆ ಉಪಗ್ರಹವು ಭೂಮಧ್ಯರೇಖೆಯ ಮೇಲೆ, ೯೩.೫ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುತ್ತಿರುವುದರಿಂದ ನಮಗೆ ನಿಂತಲ್ಲೇ ನಿಂತಂತೆ ಇರುತ್ತದೆ. ಅದನ್ನು ಅಂಕೆಯಲ್ಲಿಟ್ಟಿರುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ೨೦೧೭ರ ಜುಲೈ ತಿಂಗಳಿನಲ್ಲಿ ೩೨ ವಾಹಿನಿಗಳೊಡನೆ ಪ್ರಾರಂಭವಾದ ‘ಸ್ವಯಂ ಪ್ರಭಾ’ ಶಿಕ್ಷಣ ಪ್ರಸಾರಕ್ಕೂ ಆಧಾರವಾದುದು ಈ ಉಪಗ್ರಹವೇ. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯ ಮೊದಲಾಗಿ ನಮ್ಮ ಬಿ.ಎ. ತರಗತಿಗೆ ಒಪ್ಪುವ ಉಪನ್ಯಾಸಗಳು ಅದರಲ್ಲಿವೆ. ಹೆಚ್ಚಿನವು ಇಂಗ್ಲಿಷಿನಲ್ಲಿರುವುದರಿಂದ, ಒಂದು ಸಲ ಕೇಳಿದರೆ ಸಾಲದೆ ನಿಲ್ಲಿಸಿ ನಿಲ್ಲಿಸಿ ಕೇಳಬೇಕಾದವರು ನಮ್ಮಂಥವರು. ದಾಖಲು ಮಾಡಿಕೊಳ್ಳುವ ಅಗತ್ಯವಿರುವುದು ಇಲ್ಲಿಯೇ.

ಇನ್ನು ಈ ಪ್ರಸಾರವು ಮೇಲಿಂದ ಗಣಕಯಂತ್ರದೊಳಕ್ಕೆ ಬರುವ ದಾರಿಯನ್ನು ನೋಡೋಣ. ಸುಮಾರು ಎರಡು ಅಡಿ ಅಗಲದ ಡಿಶ್ಶು ಅಲೆಗಳನ್ನು ಒಂದೆಡೆಗೆ ಕೂಡಿಸಿ ತನ್ನ ಮುಂದಿರುವ ಎಲ್‌ಎನ್‌ಬಿ ಎಂಬ ಕೊಂಬಿನೊಳಕ್ಕೆ ಹಾಯಿಸುತ್ತದೆ. ಆ ಅಲೆಗಳ ಆವರ್ತನ ಬಹಳ ಹೆಚ್ಚು. ಅಷ್ಟು ಹೆಚ್ಚಿನದು ಕೇಬಲ್ಲಿನಲ್ಲಿ ಹರಿದರೆ ದಾರಿಯಲ್ಲೇ ಇಂಗಿಹೋಗುತ್ತದೆ. ಆದುದರಿಂದ ಎಲ್‌ಎನ್‌ಬಿಯು ಅದನ್ನು ಕೆಳಕ್ಕಿಳಿಸುತ್ತದೆ. ೧೧,೦೦೦ ಮೆಗಾಹರ್ಟ್ಸಿನಲ್ಲಿ ಬಂದುದರಿಂದ ೯,೭೫೦ನ್ನು ಕಳೆದು ೧,೨೫೦ ಮೆಗಾಹರ್ಟ್ಸ್ ಮಾಡಿ ಕಳುಹಿಸುತ್ತದೆಂದು ಉದಾಹರಣೆಗೆ ಹೇಳಬಹುದು. ಹೀಗೆ ಕೇಬಲ್ಲಿನಲ್ಲಿ ಇಳಿದು ಬರುವುದೆಲ್ಲ ೯೫೦ರಿಂದ ೨,೧೫೦ ಮೆಗಾಹರ್ಟ್ಸಿನ ಒಳಗೆ ಇರುತ್ತದೆ. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಾನು ಮೋಸಹೋದದ್ದು ಇವನ್ನು ತಿಳಿಯದೆಯೇ.

ಕೇಬಲ್ಲಿನಿಂದ ಮುಂದಿನ ಕೆಲಸ ಟ್ಯೂನರ್ ಕಾರ್ಡಿನದು. ಇದನ್ನು ನಮ್ಮೂರಿನ ನಾಲೆಯ ದೃಷ್ಟಾಂತದಿಂದ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಹುಲ್ಲಹಳ್ಳಿಯಲ್ಲಿ ಕಪಿಲಾ ನದಿಗೆ ಅಡ್ಡವಾಗಿ ಅಣೆ ಕಟ್ಟಿ ನಾಲೆ ತೆಗೆದಿದ್ದಾರೆ. ನಾಲೆಯಲ್ಲಿ ಎಲ್ಲರ ಗದ್ದೆಯ ನೀರೂ ಒಟ್ಟಿಗೇ ಹರಿಯುತ್ತದೆ. ತೂಬಿನ ಬಳಿ ಅವರವರ ಪಾಲು ಅವರವರಿಗೆ ತಿರುಗುತ್ತದೆ. ಉಪಗ್ರಹದ ಒಂದೊಂದು ಟ್ರಾನ್ಸ್‌ಪಾಂಡರೂ ಇಂಥ ಒಂದು ನಾಲೆ. ಅದರಲ್ಲಿ ಹತ್ತು ಹನ್ನೆರಡು ವಾಹಿನಿಗಳು ೧೮೮ ಬೈಟುಗಳ ಸಣ್ಣ ಸಣ್ಣ ಕಟ್ಟುಗಳಾಗಿ ಕಲೆತು ಹರಿಯುತ್ತವೆ. ಪ್ರತಿ ಕಟ್ಟಿನ ಮೇಲೂ ಅದು ಯಾವುದಕ್ಕೆ ಸೇರಿದ್ದೆಂಬ ಸಂಖ್ಯೆಯಿರುತ್ತದೆ. ಕಾರ್ಡು ನಮಗೆ ಬೇಕಾದ ನಾಲೆಯನ್ನು ಹಿಡಿದು, ಅಲೆಗಳನ್ನು ಅಂಕಿಗಳನ್ನಾಗಿ ಮಾಡಿ, ದಾರಿಯಲ್ಲಾದ ತಪ್ಪುಗಳನ್ನು ತಿದ್ದಿ ಗಣಕಯಂತ್ರಕ್ಕೆ ಒಪ್ಪಿಸುತ್ತದೆ. ಅದರಲ್ಲಿ ಚಂದನದ ಸಂಖ್ಯೆಯಿರುವ ಕಟ್ಟುಗಳನ್ನು ಆರಿಸಿ ತೋರಿಸುವ, ಇಲ್ಲವೆ ಡಿಸ್ಕಿನಲ್ಲಿ ಬರೆದಿಡುವ ಕೆಲಸ ತಂತ್ರಾಂಶದ್ದು. ಚಿತ್ರವನ್ನು ಬಿಡಿಸಿ ತೋರಿಸುವ ಹೊರೆ ಬೀಳುವುದು ಗಣಕಯಂತ್ರದ ಮೇಲೆಯೇ ಹೊರತು ಇಂದಿನ ಬಹುಪಾಲು ಕಾರ್ಡುಗಳ ಮೇಲಲ್ಲ.

ಈಗ ನನ್ನ ಮೂರ್ಖತನದ ಕಥೆ. ಎರಡು ವರ್ಷಗಳ ಹಿಂದೆ ರಜೆಯಲ್ಲಿ ಕೂಲಿ ಮಾಡಿ ಉಳಿಸಿದ ೧,೪೦೦ ರೂಪಾಯಿಗಳೊಡನೆ ಬೆಂಗಳೂರಿಗೆ ಹೋಗಿ, ಹಳೆಯ ಗಣಕಯಂತ್ರದ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ‘ಟಿ.ವಿ. ಟ್ಯೂನರ್ ಕಾರ್ಡು ಕೊಡಿ’ ಎಂದೆ. ಅಂಗಡಿಯವರು ಒಂದನ್ನು ಕೊಟ್ಟರು. ಡಿಶ್ಶಿನ ಕೇಬಲ್ಲನ್ನು ತಿರುಗಿಸಿ ಬಿಗಿಯುವಂಥದೇ ಗುಂಡನೆಯ ಮೂತಿ ಅದರಲ್ಲಿಯೂ ಇತ್ತು. ಮನೆಗೆ ತಂದು ಮೂರು ರಾತ್ರಿ ನಿದ್ದೆಗೆಟ್ಟರೂ ಒಂದು ವಾಹಿನಿಯೂ ಬರಲಿಲ್ಲ. ಆಮೇಲೆ ತಿಳಿಯಿತು: ಅದು ಹಳೆಯ ಕಾಲದ ಕೇಬಲ್ ಟಿ.ವಿ.ಗೆಂದು ಮಾಡಿದ ಅನಲಾಗ್ ಕಾರ್ಡು. ಅದು ಕೇಳಬಲ್ಲದು ಸುಮಾರು ೮೬೦ ಮೆಗಾಹರ್ಟ್ಸಿನವರೆಗೆ ಮಾತ್ರ. ನಮ್ಮ ಡಿಶ್ಶಿನಿಂದ ಬರುವುದು ಪ್ರಾರಂಭವಾಗುವುದೇ ೯೫೦ರಿಂದ. ಎತ್ತರದ ದನಿಗೆ ಕಿವುಡಾದವನ ಮುಂದೆ ಕೊಳಲೂದಿದಂತಾಯಿತು. ಅದಕ್ಕೆ ತಕ್ಕ ಅನಲಾಗ್ ಕೇಬಲ್ ಪ್ರಸಾರವಾದರೂ ಉಳಿದಿದೆಯೇ ಎಂದರೆ, ದೇಶವೆಲ್ಲ ಡಿಜಿಟಲ್ ಕೇಬಲ್ಲಿಗೆ ತಿರುಗಬೇಕೆಂಬ ಕೊನೆಯ ಗಡುವು ೨೦೧೭ರ ಮಾರ್ಚ್ ೩೧ಕ್ಕೇ ಮುಗಿದಿತ್ತು. ಅಂಗಡಿಯವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ನಾನು ಕೇಳಿದ ಹೆಸರಿನ ವಸ್ತುವನ್ನೇ ಕೊಟ್ಟಿದ್ದರು. ಕೇಳಲು ನನಗೆ ಬರಲಿಲ್ಲ.

ಆ ಕಾರ್ಡನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕುಳಿತಿದ್ದಾಗ ಅಪ್ಪ ಬಂದು ‘ಏನ್ಲಾ ಮಗ, ಯಾಕೆ ಹಿಂಗೆ ಕುಂತಿದ್ದೀಯ?’ ಎಂದು ಕೇಳಿದರು. ನಾಲೆ, ತೂಬು ಎಂದೆಲ್ಲ ಹೇಳಿ ಸಂಗತಿಯನ್ನು ವಿವರಿಸಿದೆ. ಅವರು ಬೈಯಲಿಲ್ಲ. ‘ನೀರು ನೋಡಿ ತೂಬು ಕಟ್ತಾರೆ ಕಣ್ಲಾ, ತೂಬು ಕಟ್ಕಂಡು ನೀರು ಹುಡುಕ್ತಾರಾ?’ ಎಂದು ಹೇಳಿ ಒಳಕ್ಕೆ ಹೋದರು. ಅಕ್ಷರ ಬಾರದ ಅಪ್ಪನ ಈ ಮಾತೇ ಈ ಲೇಖನದ ಸಾರ. ಮೊದಲು ಆಕಾಶವನ್ನು ನೋಡಬೇಕು. ಅನಂತರ ನಮ್ಮ ಗಣಕಯಂತ್ರವನ್ನು ನೋಡಬೇಕು. ಅಂಗಡಿಗೆ ಹೋಗುವುದು ಕಟ್ಟಕಡೆಗೆ. ಈ ಕ್ರಮದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದು.

ಮೊದಲನೆಯದು, ನಮಗೆ ಬೇಕಾದ ವಾಹಿನಿ ಯಾವ ಪದ್ಧತಿಯಲ್ಲಿ ಬರುತ್ತಿದೆ ಎಂಬುದು. ಉಪಗ್ರಹ ಪ್ರಸಾರಕ್ಕೆ ೧೯೯೪ರಲ್ಲಿ ಗೊತ್ತುಮಾಡಿದ ಪದ್ಧತಿಗೆ ಡಿ.ವಿ.ಬಿ.-ಎಸ್ ಎಂದು ಹೆಸರು. ೨೦೦೫ರಲ್ಲಿ ಮಾನ್ಯವಾದ ಹೊಸ ಪದ್ಧತಿ ಡಿ.ವಿ.ಬಿ.-ಎಸ್೨, ಅಷ್ಟೇ ಜಾಗದಲ್ಲಿ ಸುಮಾರು ಶೇಕಡ ೩೦ರಷ್ಟು ಹೆಚ್ಚು ಸರಕನ್ನು ಅದು ಸಾಗಿಸುತ್ತದೆ. ಫ್ರೀ ಡಿಶ್ಶಿನಲ್ಲಿ ಹಳೆಯ ಪದ್ಧತಿಯ ವಾಹಿನಿಗಳೂ ಇವೆ, ಹೊಸದರ ವಾಹಿನಿಗಳೂ ಇವೆ. ಎಸ್೨ ಕಾರ್ಡು ಎರಡನ್ನೂ ಹಿಡಿಯಬಲ್ಲದು. ಹಳೆಯ ಎಸ್ ಕಾರ್ಡಿಗೆ ಹೊಸ ಪದ್ಧತಿ ಅರ್ಥವಾಗದು. ಒಂದು ಕಾಲಕ್ಕೆ ಹೆಸರಾಗಿದ್ದ ಸ್ಕೈಸ್ಟಾರ್-೨ ಎಂಬ ಕಾರ್ಡು ಹಳೆಯ ಪದ್ಧತಿಯದು. ಹೆಸರಿನ ತುದಿಯಲ್ಲಿ ೨ ಇದೆಯೆಂದು ಅದನ್ನು ಎಸ್೨ ಎಂದು ಭ್ರಮಿಸಬಾರದು. ಡಿ.ವಿ.ಬಿ.-ಟಿ ಎಂದಿದ್ದರೆ ಅದು ನೆಲದ ಗೋಪುರದ ಪ್ರಸಾರಕ್ಕೆ, ಡಿ.ವಿ.ಬಿ.-ಸಿ ಎಂದಿದ್ದರೆ ಕೇಬಲ್ಲಿಗೆ. ಎರಡೂ ನಮ್ಮ ಡಿಶ್ಶಿಗೆ ಒದಗವು. ವಾಹಿನಿಯ ಆವರ್ತನ, ಪದ್ಧತಿ ಮೊದಲಾದ ವಿವರಗಳನ್ನು ಲಿಂಗ್‌ಸ್ಯಾಟ್‌ನಂಥ ಪಟ್ಟಿಗಳಲ್ಲಿ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಎರಡನೆಯದು, ಕಾರ್ಡು ಕೂರುವ ಜಾಗ. ಹಳೆಯ ಮೇಜುಗಣಕಗಳ ಮದರ್‌ಬೋರ್ಡಿನಲ್ಲಿ ಪಿ.ಸಿ.ಐ. ಎಂಬ ಉದ್ದನೆಯ ಕಿಂಡಿಯಿರುತ್ತದೆ. ಈಚಿನವುಗಳಲ್ಲಿ ಅದು ಹೋಗಿ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಗಿಡ್ಡ ಕಿಂಡಿ ಬಂದಿದೆ. ಹೆಸರು ಒಂದೇ ಬಗೆಯಾದರೂ ಒಂದರ ಕಾರ್ಡು ಇನ್ನೊಂದರಲ್ಲಿ ಕೂರದು. ಆದುದರಿಂದ ಪೆಟ್ಟಿಗೆಯನ್ನು ಬಿಚ್ಚಿ ಕಣ್ಣಾರೆ ನೋಡದೆ ಕೊಳ್ಳಬಾರದು. ಲ್ಯಾಪ್‌ಟಾಪ್ ಉಳ್ಳವರಿಗೆ ಯು.ಎಸ್.ಬಿ. ಪೆಟ್ಟಿಗೆಯೇ ಗತಿ. ಯು.ಎಸ್.ಬಿ.ಯ ವೇಗ ಸಾಲದೆಂದು ಕೆಲವರು ಹೆದರಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹೆದರಿಕೆಗೆ ಕಾರಣವಿಲ್ಲ. ಸೆಕೆಂಡಿಗೆ ೨೭,೫೦೦ ಕಿಲೋಸಿಂಬಲ್ಲಿನ ಒಂದು ಹಳೆಯ ಪದ್ಧತಿಯ ಟ್ರಾನ್ಸ್‌ಪಾಂಡರಿನಲ್ಲಿ, ತಪ್ಪು ತಿದ್ದುವುದಕ್ಕೆ ನಾಲ್ಕರಲ್ಲಿ ಒಂದು ಪಾಲನ್ನು ಬಿಟ್ಟರೆ, ಬರುವ ಸರಕು ಸೆಕೆಂಡಿಗೆ ಸುಮಾರು ೩೮ ಮೆಗಾಬಿಟ್. ಯು.ಎಸ್.ಬಿ. ೨.೦ರ ಹೆಸರಿನ ವೇಗ ೪೮೦ ಮೆಗಾಬಿಟ್. ಇಡೀ ನಾಲೆಯೇ ಬಂದರೂ ಕಾಲುವೆ ತುಳುಕುವುದಿಲ್ಲ.

ಮೂರನೆಯದು, ಎಲ್‌ಎನ್‌ಬಿಗೆ ವಿದ್ಯುತ್ತು. ಮಾಡಿನ ಮೇಲಿರುವ ಎಲ್‌ಎನ್‌ಬಿಗೆ ಬೇರೆ ತಂತಿಯಿಲ್ಲ. ಸಿಗ್ನಲ್ ಇಳಿಯುವ ಕೇಬಲ್ಲಿನಲ್ಲಿಯೇ ಕಾರ್ಡಿನಿಂದ ವಿದ್ಯುತ್ತು ಹತ್ತಬೇಕು. ೧೩ ವೋಲ್ಟ್ ಕೊಟ್ಟರೆ ಲಂಬವಾಗಿ ಬರುವ ಅಲೆಗಳನ್ನೂ ೧೮ ವೋಲ್ಟ್ ಕೊಟ್ಟರೆ ಅಡ್ಡವಾಗಿ ಬರುವ ಅಲೆಗಳನ್ನೂ ಅದು ಹಿಡಿಯುತ್ತದೆ. ಎಲ್‌ಎನ್‌ಬಿ ೨೦೦ ಮಿಲಿಆಂಪಿಯರ್ ಎಳೆಯಿತೆಂದರೆ ೧೮ ವೋಲ್ಟಿನಲ್ಲಿ ೩.೬ ವಾಟ್ ಆಯಿತು. ಯು.ಎಸ್.ಬಿ. ೨.೦ರ ಕಿಂಡಿ ಕೊಡಬಲ್ಲದು ೨.೫ ವಾಟ್ ಮಾತ್ರ. ಆದುದರಿಂದ ಉಪಗ್ರಹದ ಯು.ಎಸ್.ಬಿ. ಪೆಟ್ಟಿಗೆಗೆ ಬೇರೆ ಅಡಾಪ್ಟರ್ ಇರಲೇಬೇಕು. ಹಳೆಯದನ್ನು ಕೊಳ್ಳುವಾಗ ‘ಅಡಾಪ್ಟರ್ ಕಳೆದುಹೋಗಿದೆ’ ಎಂದರೆ ಬೆಲೆಯಲ್ಲಿ ಅಷ್ಟನ್ನು ಇಳಿಸಿ ಕೇಳತಕ್ಕದ್ದು.

ನಾಲ್ಕನೆಯದು, ಡ್ರೈವರ್. ಕಾರ್ಡಿನ ಭಾಷೆಯನ್ನು ಗಣಕಯಂತ್ರಕ್ಕೆ ತಿಳಿಸುವ ಈ ತಂತ್ರಾಂಶ ಇಲ್ಲದಿದ್ದರೆ ಎಂಥ ಕಾರ್ಡೂ ತಗಡೇ ಸರಿ. ಹಳೆಯ ಕಾರ್ಡುಗಳಿಗೆ ಅನೇಕ ವೇಳೆ ಹೊಸ ವಿಂಡೋಸಿಗೆ ಹೊಂದುವ ಡ್ರೈವರ್ ದೊರೆಯುವುದಿಲ್ಲ. ಲಿನಕ್ಸಿನಲ್ಲಾದರೆ ಬಹು ಕಾರ್ಡುಗಳ ಡ್ರೈವರುಗಳು ಅದರೊಳಗೇ ಸೇರಿಕೊಂಡಿವೆ. ಕೆಲವಕ್ಕೆ ತಯಾರಕರದನ್ನು ಬೇರೆಯಾಗಿ ಹಾಕಬೇಕು. ಕಾರ್ಡಿನ ಹೆಸರನ್ನೂ ನಮ್ಮ ವ್ಯವಸ್ಥೆಯ ಹೆಸರನ್ನೂ ಜೊತೆಗೂಡಿಸಿ ಮೊದಲೇ ವಿಚಾರಿಸಬೇಕು. ನೋಡುವುದಕ್ಕೂ ದಾಖಲಿಸುವುದಕ್ಕೂ ವಿಂಡೋಸಿನಲ್ಲಿ ಡಿ.ವಿ.ಬಿ. ವ್ಯೂವರ್, ಪ್ರಾಗ್ ಡಿ.ವಿ.ಬಿ. ಮುಂತಾದವೂ, ಲಿನಕ್ಸಿನಲ್ಲಿ ಕೆಫೀನ್, ಟಿ.ವಿ. ಹೆಡ್‌ಎಂಡ್ ಮುಂತಾದವೂ ಇವೆ.

ಐದನೆಯದು, ನಮಗೆ ಬೇಡವಾದುದು ಯಾವುದು ಎಂಬುದು. ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಕಾರ್ಡಿನಲ್ಲಿ ಸಿ.ಐ. ಎಂಬ ಕಿಂಡಿಯಿದ್ದರೆ ಅದು ಹಣ ಕೊಟ್ಟು ನೋಡುವ ಬೀಗ ಹಾಕಿದ ವಾಹಿನಿಗಳಿಗಾಗಿ. ಉಚಿತ ಪ್ರಸಾರಕ್ಕೆ ಅದು ಬೇಕಿಲ್ಲ. ಹುಡುಕಿದಾಗ ಬೀಗದ ವಾಹಿನಿಗಳ ಹೆಸರೂ ಪಟ್ಟಿಯಲ್ಲಿ ಬರಬಹುದು. ಹೆಸರು ಬಂದ ಮಾತ್ರಕ್ಕೆ ಚಿತ್ರ ಬರುವುದಿಲ್ಲ, ಅದು ಕಾರ್ಡಿನ ದೋಷವಲ್ಲ. ಟಿ.ಬಿ.ಎಸ್. ೬೯೦೨ರಂಥ ಕಾರ್ಡುಗಳಲ್ಲಿ ಎರಡು ಟ್ಯೂನರುಗಳಿದ್ದು ಎರಡು ನಾಲೆಗಳನ್ನು ಒಟ್ಟಿಗೇ ಹಿಡಿಯಬಹುದು. ಆದರೆ ಒಂದೇ ಟ್ಯೂನರಿನಿಂದಲೂ ಒಂದೇ ನಾಲೆಯಲ್ಲಿ ಹರಿಯುವ ಎರಡು ಮೂರು ವಾಹಿನಿಗಳನ್ನು ಒಟ್ಟಿಗೆ ದಾಖಲಿಸಬಹುದೆಂಬುದು ಬಹಳ ಜನಕ್ಕೆ ತಿಳಿಯದು. ಮನೆಯೊಂದಕ್ಕೆ ಒಂದು ಟ್ಯೂನರ್ ಧಾರಾಳವಾಗಿ ಸಾಕು. ದಾಖಲಿಸುವುದಕ್ಕೆ ಗಣಕಯಂತ್ರದ ಶಕ್ತಿಯೂ ಹೆಚ್ಚು ಬೇಕಿಲ್ಲ. ಬಂದುದನ್ನು ಬಂದಂತೆ ಬರೆದಿಡುವ ಕೆಲಸವಷ್ಟೆ. ಸೆಕೆಂಡಿಗೆ ೩ ಮೆಗಾಬಿಟ್ಟಿನ ವಾಹಿನಿಯಾದರೆ ಗಂಟೆಗೆ ೧.೩೫ ಗಿಗಾಬೈಟ್ ಜಾಗ ಬೇಕು. ೫೦೦ ಗಿಗಾಬೈಟಿನ ಹಳೆಯ ಡಿಸ್ಕಿನಲ್ಲಿ ಸುಮಾರು ೩೭೦ ಗಂಟೆಗಳ ಪಾಠ ಹಿಡಿಸುತ್ತದೆ.

ಕಾರ್ಡು ಸರಿಯಾಗಿದ್ದರೂ ಮಾಡಿನ ಮೇಲಿನ ಕೆಲಸ ಕೆಟ್ಟರೆ ಎಲ್ಲವೂ ಕೆಟ್ಟಂತೆಯೇ. ಹುಲ್ಲಹಳ್ಳಿಯಿಂದ ನೋಡಿದರೆ ೯೩.೫ ಡಿಗ್ರಿಯ ಉಪಗ್ರಹ ಉತ್ತರದಿಂದ ಬಲಕ್ಕೆ ಸುಮಾರು ೧೨೪ ಡಿಗ್ರಿಯಲ್ಲಿ, ಎಂದರೆ ಆಗ್ನೇಯದಿಂದ ಸ್ವಲ್ಪ ಪೂರ್ವಕ್ಕೆ, ದಿಗಂತದಿಂದ ಸುಮಾರು ೬೬ ಡಿಗ್ರಿ ಎತ್ತರದಲ್ಲಿದೆ. ನಮ್ಮ ಡಿಶ್ಶುಗಳ ಕೊಂಬು ನಡುವಿನಲ್ಲಿರದೆ ಕೆಳಗಿನ ಅಂಚಿನಲ್ಲಿರುವುದರಿಂದ, ಡಿಶ್ಶು ಅಷ್ಟು ಮೇಲಕ್ಕೆ ಮುಖ ಮಾಡಿರುವಂತೆ ತೋರುವುದಿಲ್ಲ. ಅದನ್ನು ಕಂಡು ತಪ್ಪೆಂದು ತಿದ್ದಲು ಹೋಗಬಾರದು. ಆ ದಿಕ್ಕಿನಲ್ಲಿ ತೆಂಗಿನ ಗರಿಯೊಂದು ಅಡ್ಡ ಬಂದರೂ ಚಿತ್ರ ಒಡೆಯುತ್ತದೆ. ಜೋರು ಮಳೆಯಲ್ಲಂತೂ ಸ್ವಲ್ಪ ಹೊತ್ತು ನಿಂತೇಹೋಗುತ್ತದೆ. ಇನ್ನೊಂದು ಮಾತು: ಟಿ.ವಿ.ಯ ಸೆಟ್ ಟಾಪ್ ಬಾಕ್ಸಿಗೂ ಕಾರ್ಡಿಗೂ ಒಂದೇ ಕೇಬಲ್ಲನ್ನು ಕವಲೊಡೆಸಿ ಕೊಟ್ಟರೆ, ಒಂದು ೧೩ ವೋಲ್ಟ್, ಮತ್ತೊಂದು ೧೮ ವೋಲ್ಟ್ ಎಂದು ಎಲ್‌ಎನ್‌ಬಿಯನ್ನು ಎರಡು ಕಡೆಗೆ ಎಳೆದಾಡಬಹುದು. ಎರಡು ಮೂತಿಗಳ ಎಲ್‌ಎನ್‌ಬಿ ಹಾಕಿಸಿ ಬೇರೆ ಬೇರೆ ಕೇಬಲ್ ಎಳೆಯುವುದೇ ಕ್ಷೇಮ.

ಇಷ್ಟು ಹೇಳಿದ ಮೇಲೆ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬರಿಯ ನೋಡುವುದಕ್ಕೆ ಟ್ಯೂನರ್ ಕಾರ್ಡು ಬೇಡ. ಸೆಟ್ ಟಾಪ್ ಬಾಕ್ಸೇ ಅಗ್ಗ, ಕರೆಂಟೂ ಕಡಿಮೆ. ಕೆಲವು ಬಾಕ್ಸುಗಳಲ್ಲಿ ಪೆನ್‌ಡ್ರೈವಿಗೆ ದಾಖಲಿಸುವ ಅನುಕೂಲವೂ ಉಂಟು; ವಾರಕ್ಕೊಂದೆರಡು ಕಾರ್ಯಕ್ರಮ ಸಾಕೆನ್ನುವವರಿಗೆ ಅಷ್ಟೇ ಸಾಕು. ದಿನವೂ ಗೊತ್ತಾದ ಹೊತ್ತಿಗೆ ತಾನಾಗಿಯೇ ಹಲವು ಪಾಠಗಳನ್ನು ಹಿಡಿದು, ವಿಷಯವಾರು ಹೆಸರಿಟ್ಟು ಜೋಡಿಸಿಡಬೇಕೆಂಬವರಿಗೆ ಮಾತ್ರ ಕಾರ್ಡು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು.

ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಾಲ್ಕು ತಿಂಗಳು ಕಾದು, ಕೊನೆಗೆ ೨,೨೦೦ ರೂಪಾಯಿಗೆ ಒಬ್ಬರು ಬಳಸಿದ ಎಸ್೨ ಕಾರ್ಡೊಂದನ್ನು ಕೊಂಡೆ. ಗಿಡ್ಡ ಕಿಂಡಿಯದು, ಒಂದೇ ಟ್ಯೂನರ್, ಲಿನಕ್ಸಿಗೆ ಒಗ್ಗುವಂಥದು. ಹಾಕಿದ ದಿನವೇ ಚಂದನ ಬಂದಿತು. ಕರೆಂಟು ಹೋದಾಗ ಈಗಲೂ ಪಾಠ ತಪ್ಪುತ್ತದೆ. ಆದರೆ ಶಿಕ್ಷಣ ವಾಹಿನಿಗಳಲ್ಲಿ ದಿನದ ಪಾಠವನ್ನು ಬೇರೆ ಬೇರೆ ವೇಳೆಗಳಲ್ಲಿ ಮತ್ತೆ ಪ್ರಸಾರ ಮಾಡುವುದರಿಂದ, ರಾತ್ರಿಯ ಪ್ರಸಾರಕ್ಕೆ ಯಂತ್ರವನ್ನು ಕಾವಲಿಟ್ಟು ನಾವು ಮಲಗುತ್ತೇವೆ. ತಂಗಿ ಬೆಳಿಗ್ಗೆ ಎದ್ದು ನೋಡುತ್ತಾಳೆ. ಅರ್ಥವಾಗದಿದ್ದರೆ ನಿಲ್ಲಿಸುತ್ತಾಳೆ, ಹಿಂದಕ್ಕೆ ಸರಿಸಿ ಮತ್ತೆ ಕೇಳುತ್ತಾಳೆ. ಮೇಷ್ಟರನ್ನು ‘ಇನ್ನೊಂದು ಸಲ ಹೇಳಿ ಸಾರ್’ ಎಂದು ಕೇಳಲು ನಾಚುತ್ತಿದ್ದ ಹುಡುಗಿ ಅವಳು. ಅಪ್ಪನೂ ಆಗಾಗ ಬಂದು ಕೃಷಿ ಕಾರ್ಯಕ್ರಮವನ್ನು ‘ಹಿಡ್ದಿದ್ದೀಯೇನ್ಲಾ?’ ಎಂದು ಕೇಳುತ್ತಾರೆ.

ಕೊನೆಯದಾಗಿ ನನ್ನ ಅಧ್ಯಾಪಕವರ್ಗದವರಲ್ಲಿ ಒಂದು ವಿನಯಪೂರ್ವಕ ಬಿನ್ನಹ. ನಮ್ಮ ಕಾಲೇಜಿನ ಪುಸ್ತಕ ಭಂಡಾರದ ಗಣಕಯಂತ್ರಕ್ಕೆ ಇಂಥ ಒಂದು ಕಾರ್ಡನ್ನೂ ಮಾಳಿಗೆಯ ಮೇಲೆ ಒಂದು ಡಿಶ್ಶನ್ನೂ ಹಾಕಿಸಿದರೆ, ಉಪನ್ಯಾಸಗಳನ್ನು ವಿಷಯವಾರಾಗಿ ಕೂಡಿಡಬ���ುದು. ಹಳ್ಳಿಗಳಿಂದ ಬಸ್ಸು ಹಿಡಿದು ಬಂದು, ಕೊನೆಯ ಪೀರಿಯಡ್ಡನ್ನು ಬಿಟ್ಟು ಬಸ್ಸಿಗೆ ಓಡುವ ನಮ್ಮಂಥವರು ಬಿಡುವಿದ್ದಾಗ ಅಲ್ಲಿಯೇ ಕುಳಿತು ಅವನ್ನು ಕೇಳಬಹುದು. ಕೊಳ್ಳುವ ಮುನ್ನ ಈ ಐದು ಪ್ರಶ್ನೆಗಳ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡರೆ ಸರಿ. ನನ್ನ ೧,೪೦೦ ರೂಪಾಯಿಗಳಿಂದ ಅಷ್ಟಾದರೂ ಪ್ರಯೋಜನವಾದೀತು. ನೀರಂತೂ ಮಾಡಿನ ಮೇಲೆ ಹರಿಯುತ್ತಲೇ ಇದೆ. ಅದನ್ನು ನೋಡಿ ತೂಬು ಕಟ್ಟುವುದಷ್ಟೇ ನಮಗೆ ಉಳಿದಿರುವ ಕೆಲಸ.